ತೊಟ್ಟಿಲಲ್ಲಿ ಹುಷಾರಪ್ಪ

ಅಂದಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಹೆಲ್ಮೆಟ್ಟಿನ ಗಲ್ಲಪಟ್ಟಿ. ಕಿಟಕಿಯ ಗಾಜು ಒರೆಸಲು ಬಂದಿದ್ದ ಆರು ಜನರಲ್ಲಿ ದಪ್ಪ ಮೀಸೆಯವನೊಬ್ಬ ಹೆಲ್ಮೆಟ್ಟನ್ನು ಟೋಪಿಯ ಹಾಗೆ ತಲೆಯ ಮೇಲಿಟ್ಟುಕೊಂಡು, ಪಟ್ಟಿಯನ್ನು ಸಿಕ್ಕಿಸದೆ ಕಿವಿಯ ಪಕ್ಕ ತೂಗಾಡಲು ಬಿಟ್ಟು, ನಲ್ಲಿಯ ಕೆಳಗೆ ಬಕೆಟ್ ಹಿಡಿದು ನಿಂತಿದ್ದ. ಸರಿಯಾಗಿ ಅದೇ ಹೊತ್ತಿಗೆ ಹುಷಾರಪ್ಪನವರು ಅಲ್ಲಿಗೆ ಬಂದರು.

ಹುಷಾರಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಆಫೀಸಿನವರು ದಯಪಾಲಿಸಿದ್ದು. ಆ ಎತ್ತರದ ವಸತಿ ಕಟ್ಟಡವನ್ನೂ ಅಂಥವೇ ಇನ್ನೂ ಹಲವನ್ನೂ ಕಟ್ಟಿ, ಮಾರಿ, ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಅವರು ಅಧಿಕಾರಿ. ಲಿಫ್ಟು, ಗಾಜು, ನೀರಿನ ಟ್ಯಾಂಕು, ತೋಟ ಎಂದು ಹೊರಗಿನಿಂದ ಬರುವ ಗುತ್ತಿಗೆದಾರರು ನೆಟ್ಟಗೆ ಕೆಲಸ ಮಾಡುತ್ತಾರೆಯೇ, ಅವರ ಆಳುಗಳು ಬೆಳಿಗ್ಗೆ ತಂದ ಕೈಕಾಲುಗಳನ್ನೆಲ್ಲ ಸಂಜೆ ಮನೆಗೆ ವಾಪಸು ಒಯ್ಯುತ್ತಾರೆಯೇ ಎಂದು ನೋಡುವುದು ಅವರ ಹೊಣೆ. ಅದನ್ನು ಅವರು ಸಂಬಳಕ್ಕೆ ಮಾಡುವವರಂತೆ ಮಾಡುತ್ತಿರಲಿಲ್ಲ, ಸ್ವಂತ ಮಕ್ಕಳನ್ನು ಕಾಯುವವರಂತೆ ಮಾಡುತ್ತಿದ್ದರು. ಮೆಟ್ಟಿಲಿಳಿಯುವವರಿಗೆ "ಹುಷಾರಪ್ಪ", ಬಿಸಿ ಟೀ ಹಿಡಿದವರಿಗೆ "ಹುಷಾರಪ್ಪ", ಸ್ಟೇಪ್ಲರ್ ಮುಟ್ಟಿದವರಿಗೂ "ಹುಷಾರಪ್ಪ". ಹೇಳಿ ಹೇಳಿ ಆ ಮಾತು ಹೇಳಿದವರಿಗೇ ಅಂಟಿಕೊಂಡಿತು.

ಅವರಿಗಿದ್ದ ತಾಪತ್ರಯ ಒಂದೇ. ಎತ್ತರವೆಂದರೆ ಮೊಣಕಾಲು ಅವರ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಕಟ್ಟಡದ ಮೇಲ್ಮಹಡಿಗಳ ಕೆಲಸವನ್ನು ಅವರು ಕೆಳಗೆ ಹುಲ್ಲುಹಾಸಿನ ಮೇಲೆ ನಿಂತು ದುರ್ಬೀನಿನಲ್ಲಿ ತಪಾಸಣೆ ಮಾಡುತ್ತಿದ್ದರು. ಕಟ್ಟಡದ ಮಕ್ಕಳೆಲ್ಲ ಅವರು ಹಕ್ಕಿ ನೋಡಲು ಬರುವ ತಾತ ಎಂದೇ ತಿಳಿದಿದ್ದರು.

"ಪಟ್ಟಿ ಎಲ್ಲಯ್ಯಾ?" ಎಂದರು ಹುಷಾರಪ್ಪನವರು.

"ಇಲ್ಲೇ ನೇತಾಡ್ತಾ ಇದೆ ಸಾರ್," ಎಂದ ಮೀಸೆಯವ.

"ನೇತಾಡೋಕೆ ಕೊಟ್ಟಿದ್ದಾ ಅದನ್ನ? ಮೇಲೆ ಬಗ್ಗಿದಾಗ ಹೆಲ್ಮೆಟ್ ಜಾರಿ ಕೆಳಗೆ ಹೋಗೋರ ತಲೆ ಮೇಲೆ ಬಿದ್ರೆ?"

"ನಾನಿನ್ನೂ ನೆಲದ ಮೇಲೇ ಇದ್ದೀನಲ್ಲ ಸಾರ್. ಬಕೆಟ್ ಮೇಲಿಂದ ಬೀಳ್ತೀನಾ?"

ಉಳಿದ ಐವರು ಕಿಸಕ್ಕೆಂದರು. ಅಲ್ಲಿಗೆ ಕೆಲಸ ಕೆಟ್ಟಿತು. ಕಂಪನಿಯಲ್ಲಿ ಒಂದು ಹೊಸ ನಿಯಮವಿತ್ತು. ಸುರಕ್ಷತೆಯಲ್ಲಿ ತಪ್ಪು ಕಂಡರೆ ಆ ಗುತ್ತಿಗೆದಾರರ ತಂಡ ಆ ಕ್ಷಣವೇ ಹೊರಗೆ, ವಿಚಾರಣೆ ಮುಗಿಯುವ ತನಕ ಅವರ ಕಡೆಯ ಒಂದು ನರಪಿಳ್ಳೆಯೂ ಗೇಟು ದಾಟುವಂತಿಲ್ಲ. ನಿಯಮವನ್ನು ಬರೆದವರು ಹುಷಾರಪ್ಪನವರೇ. "ಏನನ್ನೂ ಮುಟ್ಟಬೇಡಿ. ಇದ್ದದ್ದು ಇದ್ದ ಹಾಗೇ ಬಿಟ್ಟು ನಡೀರಿ," ಎಂದು ಆರೂ ಜನರನ್ನು ಹೊರಗೆ ಕಳಿಸಿಯೇಬಿಟ್ಟರು.

ಹತ್ತು ನಿಮಿಷದಲ್ಲಿ ಫೋನು ಬಂತು. ಗಾಜು ಒರೆಸುವ ಗುತ್ತಿಗೆ ಹಿಡಿದವಳು ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಗಾಜಿನಕ್ಕ ಎನ್ನುತ್ತಿದ್ದರು.

"ಪಟ್ಟಿ ಕಟ್ಟದೇ ಇದ್ದದ್ದು ತಪ್ಪೇ ಸಾರ್. ಅವನ ಮೀಸೆ ನಾನು ಬೋಳಿಸ್ತೀನಿ. ಆದ್ರೆ ಒಬ್ಬನ ತಪ್ಪಿಗೆ ಆರು ಜನರ ಕೆಲಸ ಹೋಗಬೇಕಾ?"

ಹುಷಾರಪ್ಪನವರ ಕರುಳು ಚುರುಕ್ಕೆಂದಿತು. ಆದರೂ, "ನಿಯಮ ಮಾಡಿದ್ದೇ ನಾನು. ನಾನೇ ಮುರಿದ್ರೆ ಹೇಗಮ್ಮ?" ಎಂದು ಫೋನಿಟ್ಟರು. ಕರುಳು ಮತ್ತೆ ಚುರುಕ್ಕೆಂದು ತಾವೇ ಕರಗಿಬಿಟ್ಟಾರೆಂಬ ಭಯದಿಂದ ಗೇಟಿನ ಕಾವಲುಗಾರನ ಬಳಿಗೂ ಹೋದರು. ಅವನು ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮುದುಕ.

"ನೋಡು ತಾತ, ಗಾಜಿನೋರನ್ನ ಒಳಗೆ ಬಿಡಬೇಡ. ನಾನೇ ಬಿಡು ಅಂತ ಕೂಗಿದ್ರೂ ಬಿಡಬೇಡ. ಈಗಿನ ಕಾಲದಲ್ಲಿ ಯಾರ ದನೀನ ಬೇಕಾದ್ರೂ ಯಾರು ಬೇಕಾದ್ರೂ ತೆಗೀತಾರೆ. ನನ್ನ ಗುರುತಿನ ಚೀಟಿ ಕೈಯಲ್ಲಿ ಹಿಡಿದು ನೋಡಿದ ಮೇಲೇ ಬಿಡಬೇಕು. ತಿಳೀತಾ?"

"ತಿಳೀತು ಸಾರ್," ಎಂದ ತಾತ, ಬೆನ್ನು ನೆಟ್ಟಗೆ ಮಾಡಿ.

ಇಷ್ಟಕ್ಕೇ ನಿಂತಿದ್ದರೆ ಅದೂ ಎಲ್ಲ ದಿನಗಳಂತೆ ಒಂದು ದಿನವಾಗುತ್ತಿತ್ತು. ಆದರೆ ಅವರು ಹಿಂತಿರುಗಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮುಖ್ಯ ಕಚೇರಿಯ ಮೇಡಂ ಫೋನು ಮಾಡಿದರು. ಮೇಡಂ ಬಂದು ತಿಂಗಳಾಗಿತ್ತಷ್ಟೆ.

"ತಪಾಸಣೆ ಫೋಟೊಗಳನ್ನ ನೋಡ್ತಾ ಇದ್ದೆ. ಎಲ್ಲದರಲ್ಲೂ ನೀವು ಹುಲ್ಲಿನ ಮೇಲೆ ನಿಂತಿದ್ದೀರಿ. ನಮ್ಮದು ಕಟ್ಟಡದ ಕಂಪನಿನಾ, ಹುಲ್ಲಿನ ಕಂಪನಿನಾ?"

"ಮೇಡಂ, ದುರ್ಬೀನಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತೆ..."

"ಗುತ್ತಿಗೆದಾರರ ಸಾಮಾನು ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು ರೀ. ದುರ್ಬೀನಿನಲ್ಲಿ ಮುಟ್ಟೋಕಾಗುತ್ತಾ? ಮಧ್ಯಾಹ್ನ ನಾನೇ ಅಲ್ಲಿಗೆ ಬರ್ತಿದ್ದೀನಿ. ಅಷ್ಟರಲ್ಲಿ ತೊಟ್ಟಿಲಲ್ಲಿ ನಿಂತು ತಪಾಸಣೆ ಮಾಡ್ತಿರೋ ಒಂದು ಫೋಟೊ ಕಳಿಸಿ. ಆಗಲ್ಲ ಅಂದ್ರೆ ಹೇಳಿ, ಆ ಕುರ್ಚಿಗೆ ಬೇರೆಯವರನ್ನ ಹುಡುಕೋಣ."

ತೊಟ್ಟಿಲೆಂದರೆ ಹೊರಗೋಡೆಯ ಗಾಜು ಒರೆಸುವವರು ನಿಲ್ಲುವ ಉದ್ದನೆಯ ಕಬ್ಬಿಣದ ಬುಟ್ಟಿ. ತಾರಸಿಯಿಂದ ಎರಡು ತುದಿಗೂ ತಂತಿಯ ಹಗ್ಗ ಇಳಿಬಿಟ್ಟಿರುತ್ತಾರೆ. ಗುಂಡಿ ಒತ್ತಿದರೆ ಮೋಟಾರು ಮೇಲಕ್ಕೂ ಕೆಳಕ್ಕೂ ಒಯ್ಯುತ್ತದೆ. ಆರು ಜನ ಬಿಟ್ಟುಹೋದ ತೊಟ್ಟಿಲು ನೆಲದ ಮೇಲೆ ಏನೂ ಅರಿಯದ ಕೂಸಿನಂತೆ ಕೂತಿತ್ತು.

ಹುಷಾರಪ್ಪನವರು ಲೆಕ್ಕದ ವಿಭಾಗದ ಸಹೋದ್ಯೋಗಿಯನ್ನು ಕರೆತಂದರು. ಅವನಿಗೆ ಫೋಟೊ ಹುಚ್ಚು. ಆಫೀಸಿನಲ್ಲಿ ಅವನ ಹೆಸರೇ ಆ್ಯಂಗಲ್. ಹುಷಾರಪ್ಪನವರು ಹೆಲ್ಮೆಟ್ ಹಾಕಿ, ಗಲ್ಲಪಟ್ಟಿಯನ್ನು ಉಸಿರು ಕಟ್ಟುವಷ್ಟು ಬಿಗಿದು, ತೊಟ್ಟಿಲು ಹತ್ತಿ, ಸೊಂಟದ ಬೆಲ್ಟಿನ ಕೊಂಡಿಯನ್ನು ಕೆಳಗೆ ನೋಡದೆಯೇ ಕೈಗೆ ತಾಕಿದ್ದಕ್ಕೆ ಸಿಕ್ಕಿಸಿದರು.

"ಒಂದು ಮೊಳ ಮೇಲೆ ಹೋಗ್ತೀನಿ. ತೆಗೆದುಬಿಡು," ಎಂದು ಗುಂಡಿ ಒತ್ತಿದರು.

"ಸಾರ್, ಸ್ಟೂಲ್ ಮೇಲೆ ನಿಂತ ಹಾಗಿದೆ. ಹಿಂದೆ ಕಸದ ಡಬ್ಬಿ ಬರ್ತಿದೆ. ಇನ್ನೊಂಚೂರು ಮೇಲೆ."

ಇನ್ನೊಂಚೂರು ಮೇಲೆ ಹೋದರು. ಕಸದ ಡಬ್ಬಿ ಹೋಗಿ ಯಾರದೋ ಒಣಗಲು ಹಾಕಿದ ಬನಿಯನ್ ಬಂತು. ಬನಿಯನ್ ದಾಟಿದರೆ ಕೊಳಾಯಿ ಪೈಪು. ಹುಷಾರಪ್ಪನವರು ಕಣ್ಣು ಮುಚ್ಚಿಕೊಂಡರು, ಹೆಬ್ಬೆರಳು ಮಾತ್ರ ಗುಂಡಿಯ ಮೇಲೇ ಇತ್ತು. ಕೆಳಗಿನಿಂದ ಆ್ಯಂಗಲ್ಲಿನ ದನಿ ಸಣ್ಣದಾಗುತ್ತಾ ಹೋಯಿತು.

"ಆಕಾಶ ಬಂತು ಸಾರ್! ಮೋಡಾನೂ ಬಂತು! ಹಾಗೇ ಇರಿ! ಕಣ್ಣು ಬಿಡಿ!"

ಹುಷಾರಪ್ಪನವರು ಕಣ್ಣು ಬಿಟ್ಟರು. ನಾಲ್ಕನೆಯ ಮಹಡಿಯ ಅಡುಗೆಮನೆಯ ಕಿಟಕಿ ಎದುರಿಗಿತ್ತು. ಕೆಳಗೆ ಆ್ಯಂಗಲ್ ಬೆಂಕಿಕಡ್ಡಿಯಷ್ಟಿದ್ದ. ಅವರು "ಅಮ್ಮಾ!" ಎಂದು ತೊಟ್ಟಿಲ ಒಂದು ತುದಿಗೆ ಹಾರಿ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದರು. ಒಂದು ತುದಿ ಮೇಲೇರಿತು, ಇನ್ನೊಂದು ಅಲ್ಲೇ ನಿಂತಿತು. ಟಕ್ ಎಂದು ಸದ್ದಾಗಿ ತೊಟ್ಟಿಲು ಕಾಲು ಮುರಿದ ಬೆಂಚಿನ ಹಾಗೆ ಓರೆಯಾಗಿ ನಿಂತುಬಿಟ್ಟಿತು. ಆಮೇಲೆ ಯಾವ ಗುಂಡಿಗೂ ಅದು ಜಪ್ಪಯ್ಯ ಅನ್ನಲಿಲ್ಲ. ತೂಗಲು ಯಾರೂ ಇರದಿದ್ದರೂ ಗಾಳಿ ಆ ಕೆಲಸವನ್ನು ವಹಿಸಿಕೊಂಡಿತು.

"ಅಗ್ನಿಶಾಮಕದವರನ್ನ ಕರೀಲಾ ಸಾರ್?" ಎಂದು ಆ್ಯಂಗಲ್ ಕೂಗಿದ.

"ಬೇಡ ಬೇಡ! ಗಂಟೆ ಹೊಡ್ಕೊಂಡು ಬರ್ತಾರೆ. ಎಲ್ಲರಿಗೂ ಗೊತ್ತಾಗುತ್ತೆ!"

ಅಷ್ಟರಲ್ಲಿ ಅರ್ಧ ಕಟ್ಟಡ ಫೋನು ಹಿಡಿದು ಕಿಟಕಿಗೆ ಬಂದು ನಿಂತಿತ್ತು.

ಆ್ಯಂಗಲ್ ಗಾಜಿನಕ್ಕನಿಗೆ ಫೋನು ಮಾಡಿ ಅವಳು ಹೇಳಿದ್ದನ್ನು ಮೇಲಕ್ಕೆ ಕೂಗಿದ. "ತೊಟ್ಟಿಲು ಓರೆಯಾದ್ರೆ ತಾನಾಗೇ ಬೀಗ ಬೀಳುತ್ತಂತೆ ಸಾರ್! ಕೆಟ್ಟಿಲ್ಲವಂತೆ, ಸರಿಯಾಗಿ ಕೆಲಸ ಮಾಡ್ತಿದೆಯಂತೆ! ಏನೂ ಮುಟ್ಟಬೇಡಿ ಅಂದ್ರು! ಆಳುಗಳೆಲ್ಲ ಬೇರೆ ಕಡೆ ಹೋಗಿದ್ದಾರಂತೆ, ಗಾಜಿನಕ್ಕ ತಾವೇ ಬರ್ತಾರಂತೆ!"

ನಾಲ್ಕನೆಯ ಮಹಡಿಯ ಅಡುಗೆಮನೆಯಲ್ಲಿ ನಿವೃತ್ತ ಟೀಚರಮ್ಮ ಇದ್ದರು. ಕಿಟಕಿಯಾಚೆ ಹೆಲ್ಮೆಟ್ ಧರಿಸಿದ ಮುಖ ಕಂಡು ಮೊದಲು ಸೌಟು ಎತ್ತಿದರು, ಆಮೇಲೆ ಗುರುತು ಹಿಡಿದರು.

"ಅಯ್ಯೋ, ನೀವಾ! ಒಳಗೆ ಬನ್ನಿ, ಹೊರಗೆ ಯಾಕೆ ನಿಂತಿದ್ದೀರಿ?" ಎಂದು ಕಿಟಕಿ ತಳ್ಳಿದರು. ಕಿಟಕಿ ನಾಲ್ಕು ಬೆರಳಷ್ಟು ತೆರೆದು ಗಕ್ಕನೆ ನಿಂತಿತು. "ಓ, ಇಷ್ಟೇ ತೆರೆಯೋದು. ಮಕ್ಕಳು ಬೀಳಬಾರದು ಅಂತ ಹೋದ ವರ್ಷ ನೀವೇ ಅಡ್ಡಗೂಟ ಹಾಕಿಸಿದ್ರಿ."

"ಹೌದಮ್ಮ," ಎಂದರು ಹುಷಾರಪ್ಪನವರು ಕ್ಷೀಣವಾಗಿ.

"ಒಳ್ಳೇ ಕೆಲಸ ಮಾಡಿದ್ರಿ. ಬಹಳ ಗಟ್ಟಿಯಾಗಿದೆ," ಎಂದು ಟೀಚರಮ್ಮ ಆ ಸಂದಿಯಿಂದಲೇ ಒಂದೊಂದಾಗಿ ಬಿಸ್ಕತ್ತು ತೂರಿಸಿದರು.

ಐದನೆಯ ಮಹಡಿಯಿಂದ ಒಬ್ಬರು, ಹೊಟ್ಟೆಯಿಂದ ಉಸಿರು ತೆಗೆಯಬೇಕು, ಎದೆಯಿಂದಲ್ಲ ಎಂದು ಪಾಠ ಶುರುಮಾಡಿದರು. ಮೂರನೆಯ ಮಹಡಿಯವರು ಕತ್ತು ಹೊರಳಿಸಿ ನೋಡಿ, "ಸಾರ್, ಹೇಗೂ ಅಲ್ಲಿದ್ದೀರಲ್ಲ, ನಮ್ಮ ಬಾತ್‌ರೂಮಿನ ಪೈಪು ಹೊರಗಿನಿಂದ ಸೋರುತ್ತಾ ಅಂತ ಸ್ವಲ್ಪ ನೋಡಿ. ಎಷ್ಟು ಸಲ ದೂರು ಕೊಟ್ರೂ ಯಾರೂ ಬರಲಿಲ್ಲ. ಎಡಗಡೆ ಸಾರ್, ಎಡಗಡೆ!" ಎಂದರು.

ಹುಷಾರಪ್ಪನವರು ಎರಡೂ ಕೈಯಲ್ಲಿ ಕಂಬಿ ತಬ್ಬಿಕೊಂಡು, ಒಂದೇ ಕಣ್ಣು ತೆರೆದು ಎಡಗಡೆ ನೋಡಿದರು. "ಹೌದು, ಸೋರ್ತಾ ಇದೆ," ಎಂದರು. ಅಂಥ ಹೊತ್ತಿನಲ್ಲೂ ಅವರು ಕರ್ತವ್ಯ ತಪ್ಪುವವರಲ್ಲ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

"ಎಲ್ಲಿದ್ದೀರಿ?"

"ಆಫೀಸ್ ಕೆಲಸದಲ್ಲಿ. ನಾಲ್ಕನೇ ಮಹಡಿ ಹತ್ರ."

"ಒಳಗಾ, ಹೊರಗಾ?"

ಹುಷಾರಪ್ಪನವರು ಇನ್ನೊಂದು ಕೈಯಿಂದ ಕಂಬಿಯನ್ನು ಮತ್ತಷ್ಟು ಬಿಗಿಯಾಗಿ ತಬ್ಬಿದರು.

"ನಮ್ಮ ತಂಗಿ ವಿಡಿಯೊ ಕಳಿಸಿದ್ದಾಳೆ. ಬಲ್ಬ್ ಹಾಕಿ ಅಂದ್ರೆ ಸ್ಟೂಲ್ ಹತ್ತಲ್ಲ ಅಂತ ಆರು ತಿಂಗಳಿಂದ ಹಜಾರ ಕತ್ತಲೆಯಲ್ಲಿಟ್ಟಿದ್ದೀರಿ. ಈ ವಯಸ್ಸಲ್ಲಿ ತೊಟ್ಟಿಲು ಹತ್ತಿದ್ದೀರಾ?" ಎಂದು ಸ್ವಲ್ಪ ಹೊತ್ತು ಬೈದಳು. ಆಮೇಲೆ ಅವಳ ದನಿ ಇದ್ದಕ್ಕಿದ್ದ ಹಾಗೆ ತೆಳ್ಳಗಾಯಿತು. "ಕೆಳಗೆ ನೋಡಬೇಡಿ. ಗೋಡೆ ನೋಡ್ತಾ ಇರಿ. ಗಟ್ಟಿಯಾಗಿ ಹಿಡ್ಕೊಳ್ಳಿ, ಬಿಡಬೇಡಿ. ಫೋನ್ ಕೂಡ ಇಟ್ಟುಬಿಡಿ, ಆ ಕೈಯಲ್ಲೂ ಹಿಡ್ಕೊಳ್ಳಿ."

ಹುಷಾರಪ್ಪನವರ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಅಷ್ಟರಲ್ಲಿ ಗೇಟಿನ ಕಡೆ ಗದ್ದಲ ಕೇಳಿಸಿತು. ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡು ಸ್ಕೂಟರಿನಲ್ಲಿ ಬಂದ ಗಾಜಿನಕ್ಕನಿಗೆ ಕಾವಲುಗಾರ ತಾತ ಲಾಠಿ ಅಡ್ಡ ಹಿಡಿದು ನಿಂತಿದ್ದ.

"ತಾತ, ಅವಳನ್ನ ಬಿಡು!" ಎಂದು ಹುಷಾರಪ್ಪನವರು ಮೇಲಿನಿಂದ ಕೂಗಿದರು.

ತಾತ ಅಲ್ಲಿಂದಲೇ ಸಲಾಮು ಹೊಡೆದ. "ಬಿಡಲ್ಲ ಸಾರ್! ದನಿ ಕೇಳಿ ನಂಬಬೇಡ ಅಂತ ನೀವೇ ಹೇಳಿದ್ದೀರಿ!"

"ನಾನೇ ಕಣೋ ಹೇಳ್ತಿರೋದು!"

"ನೀವೇ ಹೇಳಿದ್ರೂ ಬಿಡಬೇಡ ಅಂದಿದ್ರಿ ಸಾರ್!"

ಚೀಟಿ ಕೆಳಗಿಳಿಸುವುದು ಹೇಗೆ? ಎಸೆದರೆ ಗಾಳಿ ಒಯ್ಯುತ್ತದೆ. ಟೀಚರಮ್ಮ ಒಳಗೆ ಓಡಿ, ಅರ್ಧ ಹೆಣೆದ ಸ್ವೆಟರಿನ ಕೆಂಪು ಉಲ್ಲನ್ ಉಂಡೆ ತಂದು ಸಂದಿಯಿಂದ ದಾರ ಬಿಟ್ಟರು. ಹುಷಾರಪ್ಪನವರು ಕುತ್ತಿಗೆಯ ಗುರುತಿನ ಚೀಟಿಯನ್ನೂ, ಯಾರನ್ನೂ ನಂಬದೆ ತಮ್ಮ ಬಳಿಯೇ ಇಟ್ಟುಕೊಂಡಿದ್ದ ತಾರಸಿಯ ಬಾಗಿಲಿನ ಬೀಗದ ಕೈಯನ್ನೂ ಹಲ್ಲಿನಿಂದ ಗಂಟು ಹಾಕಿ ಇಳಿಬಿಟ್ಟರು. ಆ್ಯಂಗಲ್ ಹಿಡಿದು ಗೇಟಿಗೆ ಓಡಿದ.

ತಾತ ಚೀಟಿಯನ್ನು ಹಿಂದುಮುಂದು ತಿರುಗಿಸಿದ. ಹುಲ್ಲಿನ ಮೇಲೆ ಬಿದ್ದಿದ್ದ ದುರ್ಬೀನನ್ನು ತರಿಸಿ ಕಣ್ಣಿಗೆ ಹಿಡಿದು ಮೇಲೆ ನೋಡಿದ. ಮತ್ತೆ ಚೀಟಿ ನೋಡಿದ. ತಲೆಯಾಡಿಸಿದ.

"ಚೀಟಿಲಿರೋರು ನಗ್ತಾ ಇದ್ದಾರೆ. ಮೇಲಿರೋರು ಅಳ್ತಾ ಇದ್ದಾರೆ. ಇಬ್ಬರೂ ಒಂದೇ ಅಂತ ನಾನು ಹೇಗಪ್ಪ ಹೇಳಲಿ?"

"ನಗಿ ಸಾರ್!" ಎಂದು ಆ್ಯಂಗಲ್ ಕಿರುಚಿದ.

"ನಗಿ, ನಗಿ!" ಎಂದು ಮಹಡಿ ಮಹಡಿಯಿಂದಲೂ ಜನ ಕೂಗಿದರು. ಐದನೆಯ ಮಹಡಿಯವರು, ನಗುವೂ ಹೊಟ್ಟೆಯಿಂದಲೇ ಬರಬೇಕೆಂದು ತಿಳಿಸಿದರು. ಹುಷಾರಪ್ಪನವರು ತೊಟ್ಟಿಲು ಗಾಳಿಗೆ ಗೋಡೆಗೆ ಬಡಿಯುತ್ತಿದ್ದಂತೆ, ಬಾಯಲ್ಲಿ ಅರ್ಧ ಬಿಸ್ಕತ್ತು ಇಟ್ಟುಕೊಂಡು, ಹಲ್ಲು ಕಾಣುವಂತೆ ನಕ್ಕರು.

"ಹಾಂ, ಇವರೇ," ಎಂದ ತಾತ, ಗೇಟು ತೆಗೆದ.

ಸ್ವಲ್ಪ ಹೊತ್ತಿನಲ್ಲಿ ತಾರಸಿಯ ಅಂಚಿನಿಂದ ಗಾಜಿನಕ್ಕ, ಪಕ್ಕದ ಅಂಗಡಿಗೆ ಹಾಲು ತರಲು ಹೊರಟವಳ ಹಾಗೆ, ಹಗ್ಗದಲ್ಲಿ ನೆಮ್ಮದಿಯಾಗಿ ಇಳಿದು ಬಂದಳು. ತೊಟ್ಟಿಲಿಗೆ ಕಾಲಿಟ್ಟವಳೇ ಮೊದಲು ಹುಷಾರಪ್ಪನವರ ಸೊಂಟದ ಕೊಂಡಿ ನೋಡಿದಳು. ಆ ಕೊಂಡಿ ಕಂಬಿಗೆ ಸಿಕ್ಕಿರಲಿಲ್ಲ, ಅಲ್ಲಿ ಬಿಟ್ಟುಹೋಗಿದ್ದ ಬಕೆಟ್ಟಿನ ಹಿಡಿಗೆ ಸಿಕ್ಕಿತ್ತು.

"ಬಕೆಟ್ ಬೀಳದ ಹಾಗೆ ಚೆನ್ನಾಗಿ ಕಟ್ಟಿದ್ದೀರಿ ಸಾರ್," ಎಂದಳು.

ಹುಷಾರಪ್ಪನವರ ಮುಖ ಸುಣ್ಣದಂತಾಯಿತು. ಅವಳು ಕೊಂಡಿ ಬಿಡಿಸಿ, ಬೇರೊಂದು ಗಟ್ಟಿ ಹಗ್ಗಕ್ಕೆ ಸಿಕ್ಕಿಸಿ ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಮೋಟಾರಿನ ಬಳಿ ಕೂತು ಬೀಗ ಬಿಡಿಸತೊಡಗಿದಳು. ತೊಟ್ಟಿಲು ಮೆಲ್ಲಗೆ ನೆಟ್ಟಗಾಯಿತು.

"ನಿಮಗೆ ಭಯ ಆಗಲ್ವಾ ಅಕ್ಕಾ?" ಎಂದು ಹುಷಾರಪ್ಪನವರು ಕೇಳಿದರು. ತಮಗಿಂತ ಹತ್ತು ವರ್ಷ ಚಿಕ್ಕವಳನ್ನು ಅಕ್ಕಾ ಎಂದದ್ದು ಅವರಿಗೆ ಗೊತ್ತಾಗಲಿಲ್ಲ.

"ಆಗುತ್ತೆ. ದಿನಾ ಆಗುತ್ತೆ. ಭಯ ಆಗಲ್ಲ ಅನ್ನೋನನ್ನ ನಾನು ಕೆಲಸಕ್ಕೇ ತಗೊಳಲ್ಲ ಸಾರ್. ಅವನು ತಾನೂ ಬೀಳ್ತಾನೆ, ಪಕ್ಕದವನನ್ನೂ ಬೀಳಿಸ್ತಾನೆ."

ಹುಷಾರಪ್ಪನವರು ಆ ಮಾತನ್ನು ಬಹಳ ಹೊತ್ತು ಮನಸ್ಸಿನಲ್ಲೇ ಹಿಡಿದುಕೊಂಡರು. ಭಯವನ್ನು ಅವರು ಇಷ್ಟು ವರ್ಷ ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ಬಂದಿದ್ದರು. ಅದಕ್ಕೂ ಮರ್ಯಾದೆಯಿದೆ ಎಂದು ಯಾರೂ ಹೇಳಿರಲಿಲ್ಲ. ತೊಟ್ಟಿಲು ಇಳಿಯುತ್ತಾ ಇಳಿಯುತ್ತಾ ಅವರು ನಿರ್ಧಾರ ಮಾಡಿದರು. ಬೆಳಿಗ್ಗೆ ಹಾಕಿದ ತಡೆಯನ್ನು ತೆಗೆದುಹಾಕಬೇಕು. ಇಂಥವಳ ಕೈಯಲ್ಲಿರುವ ಆಳುಗಳು ಸುರಕ್ಷಿತ. ಇಂಥ ಗುತ್ತಿಗೆದಾರರು ಕಂಪನಿಗೆ ಬೇಕು.

ಕಾಲು ನೆಲಕ್ಕೆ ತಾಗಿತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟದೆ ಕೈಕಟ್ಟಿ ನಿಂತವರು ಒಬ್ಬರೇ. ಮುಖ್ಯ ಕಚೇರಿಯ ಮೇಡಂ.

"ಏನಿದು?" ಎಂದರು ಮೇಡಂ.

ಹುಷಾರಪ್ಪನವರು ಬೇಕಾದರೆ ಏನಾದರೂ ಕತೆ ಕಟ್ಟಬಹುದಿತ್ತು. ಆ್ಯಂಗಲ್ಲಂತೂ ಹಿಂದಿನಿಂದ "ರಕ್ಷಣೆಯ ಅಣಕು ಪ್ರದರ್ಶನ ಅನ್ನಿ, ಅಣಕು ಪ್ರದರ್ಶನ" ಎಂದು ಪಿಸುಗುಟ್ಟುತ್ತಿದ್ದ. ಆದರೆ ಅವರು ಗಲ್ಲಪಟ್ಟಿಯಿಂದ ಹಿಡಿದು ಬಕೆಟ್ಟಿನ ತನಕ ನಡೆದದ್ದನ್ನು ನಡೆದ ಹಾಗೇ ಹೇಳಿಬಿಟ್ಟರು. ತಮಗೆ ಎತ್ತರವೆಂದರೆ ಭಯ ಎಂಬುದನ್ನೂ ಹೇಳಿದರು.

ಮೇಡಂ ಕಟ್ಟಿದ್ದ ಕೈ ಬಿಚ್ಚಿದರು. "ನೀವು ಮಾಡಿದ್ದು ಶುದ್ಧ ತಪ್ಪು. ಫೋಟೊಗಾಗಿ ನಿಮ್ಮನ್ನ ಹೆದರಿಸಿದ್ದು ನನ್ನ ತಪ್ಪು. ಇಬ್ಬರೂ ಬದುಕಿದ್ವಿ, ಅಷ್ಟು ಸಾಕು," ಎಂದರು. ಆಮೇಲೆ ಗಾಜಿನಕ್ಕನ ಕಡೆ ತಿರುಗಿ, "ಇವರ ತಂಡವನ್ನ ಹೊರಗೆ ಹಾಕಿದ್ದು?" ಎಂದರು.

"ಈ ಕ್ಷಣ ವಾಪಸ್ ತಗೊಂಡೆ ಮೇಡಂ!" ಎಂದರು ಹುಷಾರಪ್ಪನವರು. ಅವರ ದನಿಗೆ ಬೆಳಗಿನಿಂದ ಮೊದಲ ಬಾರಿಗೆ ಜೀವ ಬಂದಿತ್ತು. "ಅಕ್ಕಾ, ನಾಳೆಯಿಂದಲೇ ನಿಮ್ಮೋರು ಬರಲಿ. ತಡೆ ಇಲ್ಲ, ವಿಚಾರಣೆ ಇಲ್ಲ. ಇಂಥ ಗುತ್ತಿಗೆದಾರರು ಸಿಗೋದು ನಮ್ಮ ಪುಣ್ಯ!"

ಗಾಜಿನಕ್ಕ ಹಗ್ಗ ಸುತ್ತುತ್ತಾ ನಕ್ಕಳು. "ಬಹಳ ಸಂತೋಷ ಸಾರ್. ಆದ್ರೆ ನಾವು ಬರಲ್ಲ."

"ಯಾಕಕ್ಕಾ? ಬೇಜಾರಾ?"

"ಬೇಜಾರೇನಿಲ್ಲ. ನಮ್ಮಲ್ಲೂ ಒಂದು ನಿಯಮ ಇದೆ. ನೀವು ಗುತ್ತಿಗೆದಾರರನ್ನ ತಪಾಸಣೆ ಮಾಡೋ ಹಾಗೆ ನಾವು ಗಿರಾಕಿಗಳನ್ನ ಮಾಡ್ತೀವಿ. ಕಲೀದೇ ಇರೋರು ನಮ್ಮ ತೊಟ್ಟಿಲು ಮುಟ್ಟೋ ಜಾಗಕ್ಕೆ ನಮ್ಮ ಆಳುಗಳನ್ನ ಕಳಿಸಲ್ಲ. ನಾಳೆ ಯಾರಾದ್ರೂ ಫೋಟೊಗೆ ಅಂತ ಗುಂಡಿ ಒತ್ತಿದ್ರೆ, ಆಗ ತೊಟ್ಟಿಲಲ್ಲಿ ನಮ್ಮೋನು ಇದ್ರೆ? ನೀವೇ ಹೇಳಿ, ನನ್ನ ಜಾಗದಲ್ಲಿ ನೀವಿದ್ರೆ ಏನು ಮಾಡ್ತಿದ್ರಿ?"

"ಆ ಕ್ಷಣವೇ ಹೊರಗೆ ಹಾಕ್ತಿದ್ದೆ," ಎಂದರು ಹುಷಾರಪ್ಪನವರು, ತಡೆಯಲಾರದೆ.

ಮೇಡಂ ಅವರತ್ತ ಒಂದು ನೋಟ ಬಿಸಾಕಿದರು. "ಇರಲಿ, ಬೇರೆಯವರನ್ನ ಕರೀತೀವಿ."

"ಕರೀರಿ ಮೇಡಂ. ಎತ್ತರದ ಕೆಲಸದವರೆಲ್ಲ ನಾವು ಒಂದೇ ಸಂಘ. ವಿಡಿಯೊ ಎಲ್ಲರಿಗೂ ತಲುಪಿದೆ," ಎಂದಳು ಗಾಜಿನಕ್ಕ ವಿನಯದಿಂದ.

ಎಲ್ಲರೂ ತಲೆಯೆತ್ತಿ ನೋಡಿದರು. ಮಹಡಿಯ ಮೇಲೆ ಮಹಡಿ, ಧೂಳು ಹಿಡಿದ ಗಾಜು ಮುಗಿಲಿನವರೆಗೂ ಹೋಗಿತ್ತು.

"ಇದಕ್ಕೆ ದಾರಿ ಏನಮ್ಮಾ?" ಎಂದರು ಮೇಡಂ, ಮೆತ್ತಗಾಗಿ.

"ಇದೆ ಮೇಡಂ. ಗಿರಾಕಿ ಕಡೆ ಸುರಕ್ಷತೆ ಹೊಣೆ ಹೊತ್ತೋರು ಯಾರೋ, ಅವರು ನಮ್ಮಲ್ಲಿ ಎತ್ತರದ ತರಬೇತಿ ಮುಗಿಸಬೇಕು. ಹಗ್ಗದಲ್ಲಿ ಇಳಿಯೋದು, ಹತ್ತೋದು, ತೊಟ್ಟಿಲು ನಡೆಸೋದು ಎಲ್ಲ. ಪಾಸಾದ್ರೆ ನಾವು ಬರ್ತೀವಿ."

ಮೇಡಂ, ಆ್ಯಂಗಲ್, ಗೇಟಿನ ತಾತ, ನಾಲ್ಕನೆಯ ಮಹಡಿಯ ಕಿಟಕಿಯ ಸಂದಿಯಿಂದ ಟೀಚರಮ್ಮ, ಎಲ್ಲರ ಕಣ್ಣೂ ಹುಷಾರಪ್ಪನವರ ಮೇಲೆ ಬಂದು ನಿಂತವು. "ನಾಳೆ ಬೆಳಿಗ್ಗೆಯೇ ಬರ್ತಾರೆ," ಎಂದುಬಿಟ್ಟರು ಮೇಡಂ.

ಹುಷಾರಪ್ಪನವರು ಗೋಡೆಗೆ ಒರಗಿಕೊಂಡರು. ಆದರೂ ಮನಸ್ಸನ್ನು ತಾವೇ ಸಮಾಧಾನ ಮಾಡಿಕೊಂಡರು. ಪಾಠವೆಂದ ಮೇಲೆ ಅಆಇಈಯಿಂದ ತಾನೇ ಶುರುವಾಗುವುದು? ಒಂದು ಮೊಳ, ಎರಡು ಮೊಳ, ನಿಧಾನವಾಗಿ ರೂಢಿಯಾದೀತು.

"ಮೊದಲನೇ ಮಹಡಿಯಿಂದ ಶುರು ಮಾಡ್ತೀರಿ, ಅಲ್ವಾ ಅಕ್ಕಾ?" ಎಂದು ಕೇಳಿದರು.

"ಎಲ್ಲರಿಗೂ ಮೊದಲನೇ ಮಹಡಿಯಿಂದಲೇ ಸಾರ್," ಎಂದು ಗಾಜಿನಕ್ಕ ಸ್ಕೂಟರಿಗೆ ಕಿಕ್ ಹೊಡೆದಳು. "ಆದ್ರೆ ನೀವು ನಾಲ್ಕರವರೆಗೆ ಒಬ್ಬರೇ ಹೋಗಿದ್ದೀರಲ್ಲ. ನಿಮಗೆ ಐದರಿಂದ."